ಕ್ಲಚ್ ಇಲ್ಲದ ಗಾಡಿಗೆ ಬಂದ ಜಡ್ಡು

ನಮ್ಮ ಮನಿ ಮುಂದ ಗಾಡಿಯ ಬಾನೆಟ್ ಎದ್ದಿತು ಅಂದ್ರ ಅವತ್ತು ಏನರೆ ಒಂದು ಆಗೇ ಆಗ್ತೈತಿ. ಆಗಬಾರದು ಅಂತ ನಾನೂ ಮುಂಜಾನೆ ಮಂದಿ ಏಳೂದಕ್ಕಿಂತ ಮೊದಲ ಎತ್ತಿ ನೋಡೇನಿ, ಮಧ್ಯಾಹ್ನ ಎಲ್ಲಾರೂ ಉಂಡು ಅಡ್ಡಾದಾಗ ಎತ್ತಿ ನೋಡೇನಿ. ಉಪಯೋಗ ಇಲ್ಲ. ಬನಹಟ್ಟಿಯ ನಮ್ಮ ಓಣಿಗೆ ಬಾನೆಟ್ಟಿನ ಸಪ್ಪಳ ಮಗ್ಗದ ಸಪ್ಪಳದಾಗೂ ಕೇಳಸ್ತೈತಿ. ಕಣ್ಣು ಮುಚ್ಚಿ ತಗಿಯೂದ್ರಾಗ ಇಷ್ಟು ತಲಿ ಒಳಗ ಬಗ್ಗಿರ್ತಾವು ಅಂದ್ರ, ಗಾಡಿ ಮಾಲಕನ ತಲಿಗೇ ಜಾಗಾ ಇರಂಗಿಲ್ಲ.

ಖರೆ ಹೇಳ್ಬೇಕಂದ್ರ ಗಾಡಿ ನಂದಲ್ಲ, ನಮ್ಮನಿಯಾಕಿದು. ನಾನು ಪವರ್‌ಲೂಮ್ ಇಟಗೊಂಡು ಸೀರಿ ನೇಯ್ಸೋ ಮನಷ್ಯಾ. ಆಕಿ ರನ್ನ ಬೆಳಗಲಿ ಊರಿನ ಸಾಲ್ಯಾಗ ಟೀಚರು. ಆಕಿಗೆ ಸಣ್ಣಾಕಿದ್ದಾಗಿಂದ ಎಡಗಾಲಿನಾಗ ಶಕ್ತಿ ಕಡಿಮಿ. ಬಸ್ಸಿನ ಮೆಟ್ಟಲಾ ಎತ್ತರ, ಸ್ಕೂಟರ್ ನಿಂದ್ರಸೂದು ಕಷ್ಟ. ಹಿಂಗಾಗಿ ದಿನಾ ಮುಂಜಾನೆ ಚಾ ಕುಡ್ಯೋ ಹೊತ್ತಿಗೆ ನನಗೊಂದು ಪ್ರಶ್ನಿ ಬರ್ತಿತ್ತು: "ರೀ, ಇವತ್ತು ಬಿಡ್ತೀರೇನು?" ನಾ ಬಿಡ್ತಿದ್ದೆ. ಆದ್ರ ಕೇಳೂವಾಗ ಆಕಿ ಮುಖ ಬಾಗಲದ ಕಡೆ ಇರ್ತಿತ್ತು, ನನ್ನ ಕಡೆ ಇರ್ತಿದ್ದಿಲ್ಲ.

ಆಮ್ಯಾಲ ಬೆಳಗಾವಿಯ ಒಬ್ಬ ವಯಸ್ಸಾದ ಡಾಕ್ಟರ್ ತಮ್ಮ ಹಳೇ ಆಟೋಮ್ಯಾಟಿಕ್ ಗಾಡಿ ಮಾರ್ತಾರಂತ ಗೊತ್ತಾತು. ಕ್ಲಚ್ ಇಲ್ಲ, ಗೇರ್ ತಂತಾನ ಬದಲಿ ಆಗ್ತೈತಿ, ಎಡಗಾಲಿಗೆ ಕೆಲಸನ ಇಲ್ಲ. ನಡಬರಕ ಗೇರಿನ ಒಂದು ದಾಂಡಿ. ಮುಂದ ಹೋಗಬೇಕಂದ್ರ ಅದನ್ನ ಹಿಂದಕ್ಕ ಜಗ್ಗಬೇಕು, ಹಿಂದ ಬರಬೇಕಂದ್ರ ಮುಂದಕ್ಕ ದೂಕಬೇಕು. ನಮ್ಮ ಮನಿಯ ಕಾರಭಾರದಂಗ ಎಲ್ಲಾ ಉಲ್ಟಾ. ಆಕಿ ಕಲತು, ಮೊದಲನೇ ದಿನ ಒಬ್ಬಾಕಿನ ಸಾಲಿಗೆ ಹೋಗಿ ಸಂಜೀಕ ಬಂದ್ಲು. "ಹೆಂಗಾತು?" ಅಂದೆ. "ಮಹಾಲಿಂಗಪುರದಾಗ ಗಾಡಿ ನಿಂದ್ರಿಸಿ ಕಬ್ಬಿನ ಹಾಲು ಕುಡದೆ" ಅಂದ್ಲು. "ಅಷ್ಟ?" ಅಂದೆ. "ಯಾರನ್ನೂ ಕೇಳಲಿಲ್ಲ" ಅಂದ್ಲು. ಅವತ್ತು ಆಕಿ ನಕ್ಕದ್ದು ನನಗ ಇನ್ನೂ ಕಣ್ಣಿಗೆ ಕಟ್ಟಿದಂಗ ಐತಿ.

ಇಂಥಾ ಗಾಡಿಗೆ ಹೋದ ವರ್ಷ ಜಡ್ಡು ಬಂತು. ದಾಂಡಿ ಜಗ್ಗಿ ಎಕ್ಸಿಲೇಟರ್ ಒತ್ತಿದ್ರ ಇಂಜಿನ್ನು ಭರ್‍ರ್ ಅಂತ ಒದರೂದು, ಗಾಡಿ ಮಾತ್ರ ನಿಂತಲ್ಲೇ ನಿಂದ್ರೂದು. ಒಮ್ಮೊಮ್ಮೆ ಆಗ್ತಿತ್ತು, ಒಮ್ಮೊಮ್ಮೆ ಇಲ್ಲ. ಆಮ್ಯಾಮ್ಯಾಲ ಜಾಸ್ತಿ ಆಗಾಕ ಹತ್ತಿತು.

೧. ಕಳವಾದ ಪೆಡಲ್

ಎಲ್ಲಾರಕಿಂತ ಮೊದಲ ಬಂದಾವ ಬಾಜೂ ಮನಿ ಕಾಕಾ. ಜನ್ಮ ಎಲ್ಲಾ ಬಾಗಲಕೋಟಿ, ಬೀಳಗಿ, ಜಮಖಂಡಿ ಅಂತ ಸರಕಾರಿ ಬಸ್ ಹೊಡದು ರಿಟೈರ್ ಆದಾವ. ಬಿಳೀ ಟೊಪಗಿ ತಗದು ಕಂಕಳಾಗ ಇಟಗೊಂಡು, ಬಾನೆಟ್ಟಿನಾಗ ಕಿವಿ ಇಟ್ಟು ಕೇಳಿದ.

"ಇದಕ್ಕೇನ ಪರೀಕ್ಷಾ ಬೇಕಾಗಿಲ್ಲ. ಇಂಜಿನ್ ಒದರತೈತಿ, ಗಾಡಿ ಹೋಗಂಗಿಲ್ಲ. ಕ್ಲಚ್ ಪ್ಲೇಟ್ ಸವದೈತಿ" ಅಂದ.

"ಕಾಕಾ, ಇದಕ್ಕ ಕ್ಲಚ್ಚ ಇಲ್ರಿ."

"ಏ, ಹುಚ್ಚರಂಗ ಮಾತಾಡಬ್ಯಾಡ. ಕ್ಲಚ್ ಇಲ್ಲದ ಗಾಡಿ ಎಲ್ಲೆರ ಇರ್ತೈತೇನ?"

ಬಾಗಲಾ ತಗದು ತೋರ್ಸಿದೆ. ಕಾಕಾ ಬಗ್ಗಿ ನೋಡಿದ. ಎರಡು ಪೆಡಲ್. ಕೈ ಹಾಕಿ ತಡವರಿಸಿದ. ಮ್ಯಾಟ್ ಎತ್ತಿ ಕೆಳಗೂ ನೋಡಿದ. ಎದ್ದು ನಿಂತು ನನ್ನ ಹೆಗಲ ಮ್ಯಾಲ ಕೈ ಇಟ್ಟು, ಮೆಲ್ಲಕ ಅಂದ: "ತಮ್ಮಾ, ಗಾಡಿ ತರೂವಾಗ ನನಗೊಂದು ಮಾತು ಹೇಳಬಾರದಾಗಿತ್ತೇನು? ಒಂದು ಪೆಡಲ್ ಬಿಚ್ಚಿಕೊಂಡ ಕೊಟ್ಟಾರಲ್ಲೋ ನಿನಗ!"

ಆಟೋಮ್ಯಾಟಿಕ್ ಅಂದ್ರ ಏನಂತ ಅರ್ಧಾ ತಾಸು ತಿಳಿಸಿ ಹೇಳಿದೆ. ಹೂಂ ಹೂಂ ಅಂದ, ಚಾ ಕುಡದು ಹೋದ. ಸಂಜೀಕ ಓಣಿಯ ಇಬ್ಬರು ಹಿರೇರು ಮನಿಗೆ ಬಂದು ಕಟ್ಟಿ ಮ್ಯಾಲ ಕುಂತ್ರು. ಯಾರೋ ಸತ್ತ ಮನಿಗೆ ಬಂದಂಗ ತಲಿ ಬಗ್ಗಿಸಿಕೊಂಡು, ಒಬ್ಬರು ಅಂದ್ರು: "ಹೋಗ್ಲಿ ಬಿಡೋ. ಬ್ರೇಕ್ ಅರೆ ಉಳಿಸಿ ಹೋಗ್ಯಾರಲ್ಲ."

೨. ಅವ್ವನ ಮೂಗು

ನಮ್ಮವ್ವಗ ಗಾಡಿ ಅಂದ್ರ ಸೊಸಿಯಷ್ಟ ಪ್ರೀತಿ. ಮುಂಜಾನೆ ಗಾಡಿಗೆ ಕುಂಕಮ ಹಚ್ಚಾಕಿ, ಸಂಜೀಕ ಬಂದ್ರ "ದಣಕೊಂಡಿ ಏನವಾ?" ಅಂತ ಮಾತಾಡ್ಸಾಕಿ. ಯಾರನ್ನ ಕೇಳಿದ್ಲು, ಸೊಸೀನ್ನೋ ಗಾಡೀನ್ನೋ, ಅಂತ ನನಗ ಇನ್ನೂ ತಿಳಿದಿಲ್ಲ. ಗಾಡಿ ಬಂದ ಬ್ಯಾಸಗ್ಯಾಗ ದಾಂಡಿ ಬಿಸಲಿಗೆ ಕಾದು ಸೊಸಿ ಕೈ ಚುರ್ ಅಂದಿತ್ತಂತ, ಹಳೇ ಅರಿಬಿ ಕೂಡ್ಸಿ ದಾಂಡಿಗೊಂದು ಕೌದಿ ಅಂಗಿ ಹೊಲದಿದ್ಲು. ಕೌದಿ ಗುಣ ನಿಮಗ ಗೊತ್ತೈತಿ. ಹರಿದಲ್ಲಿ ಹಳೇದು ತಗಿಯಂಗಿಲ್ಲ, ಮ್ಯಾಲ ಇನ್ನೊಂದು ತುಂಡು ಇಟ್ಟು ಹೊಲೀತಾರ. ನಮ್ಮಪ್ಪನ ಧೋತರ, ಅವ್ವನ ಲಗ್ನದ ಇಳಕಲ್ ಸೀರಿ, ನನ್ನ ಸಾಲಿ ಅಂಗಿ, ಎಲ್ಲಾ ಅದರಾಗ ಇದ್ದುವು.

ಒಂದು ರವಿವಾರ ನಾನು ಮೊಬೈಲಿನಾಗ ವಿಡಿಯೋ ನೋಡಿ ಗೇರ್‌ಬಾಕ್ಸಿನ ಎಣ್ಣಿ ನೋಡಾಕ ಕುಂತೆ. ಇಂಜಿನ್ನು ಚಾಲೂ ಇಟ್ಟು, ಬಿಸಿ ಆದಮ್ಯಾಲ, ಅಳತಿ ಕಡ್ಡಿ ಹೊರಗ ಜಗ್ಗಬೇಕು. ಎಣ್ಣಿ ಕೆಂಪಗಿದ್ರ ಛಲೋ. ಕರ್‍ರಗಾಗಿ ಸೀದ ವಾಸನಿ ಬಂದ್ರ ಒಳಗಿನ ಪ್ಲೇಟು ಸುಟ್ಟಾವು, ಗೇರ್‌ಬಾಕ್ಸ್ ಹೋದಂಗ. ಬಣ್ಣ ನೋಡಿದೆ, ಕೆಂಪೂ ಅಲ್ಲ, ಕರೀನೂ ಅಲ್ಲ. ವಾಸನಿ ಮ್ಯಾಲ ನಿಂತಿತು. ನನಗ ನೆಗಡಿ. ಕಾಕಾ ನಶ್ಯಾ ಏರಿಸಿ ಏರಿಸಿ ಮೂಗು ಕಳಕೊಂಡಾವ. ಉಳದಾಕಿ ಅವ್ವ. ಆಕಿ ಮೂಗಿನ ಬಗ್ಗೆ ಓಣ್ಯಾಗ ಎರಡು ಮಾತಿಲ್ಲ. ಮೂರು ಮನಿ ಆಚೆ ಹಾಲು ಉಕ್ಕಿದ್ರ ಇಲ್ಲಿಂದ ಒದರಿ ಹೇಳಾಕಿ.

ಅವ್ವ ಸೆರಗು ಹೊತಗೊಂಡು ಬಂದ್ಲು. ಕಡ್ಡಿ ಮೂಗಿನ ಹಂತ್ಯಾಕ ಹಿಡದೆ. ಕಣ್ಣು ಮುಚ್ಚಿ ಎಳಕೊಂಡ್ಲು. ಇನ್ನೊಮ್ಮೆ ಎಳಕೊಂಡ್ಲು. ಮಾರಿ ಸಣ್ಣದಾತು.

"ಸೀದೈತಿ" ಅಂದ್ಲು.

ನಮ್ಮನಿಯಾಕಿ ಗ್ವಾಡಿ ಹಿಡದು ಮೆಟ್ಟಲಾ ಮ್ಯಾಲ ಕುಂತ್ಲು. ಆಕಿ ಮನಸ್ಸಿನಾಗ ಏನು ಬಂತಂತ ನನಗ ಗೊತ್ತಿತ್ತು. ಕಾಕಾ ಟೊಪಗಿ ತಗದ.

ಅಷ್ಟ್ರಾಗ ಅಡಗಿ ಮನಿಯಿಂದ ಹೊಗಿ ಬಂತು. ಚಟ್ನಿಗೆ ಹುರಿಯಾಕ ಹಾಕಿದ್ದ ಶೇಂಗಾ ಒಲಿ ಮ್ಯಾಲ ಮರತು ಬಂದಿದ್ಲು ನಮ್ಮವ್ವ. ಒಳಗ ಓಡಿ ಹೋಗಿ, ಬಾಣಲಿ ಇಳಿಸಿ, ಕೆಮ್ಮಕೋತ ಹೊರಗ ಬಂದು, ಕಡ್ಡಿ ತಾನ ಇಸಗೊಂಡು ಮತ್ತೊಮ್ಮೆ ಮೂಸಿದ್ಲು. ಮಾರಿ ಅರಳಿತು.

"ಗಾಡಿಗೆ ಏನೂ ಆಗಿಲ್ಲವಾ" ಅಂದ್ಲು ಸೊಸಿಗೆ. "ಶೇಂಗಾ ಹೋದ್ವು."

೩. ಗುಡಿ ಇಲ್ಲದ ದಾರ್ಯಾಗ ನಮಸ್ಕಾರ

ಎಣ್ಣಿ ಛಲೋ ಐತಿ ಅಂದ್ರ ಓಡ್ಸಿ ನೋಡಬೇಕು. ಗಾಡಿ ನಿಂದ್ರೂದು ಆಕಿ ಕೈಯಾಗ ಅಷ್ಟ, ಅದು ಆಕಿ ಕೈಗುಣ ಅಂತ ಓಣಿ ಮಂದಿ ಗುಸುಗುಸು ಮಾತಾಡಾಕತ್ತಿದ್ರು. ಆಕಿ ಕಿವಿಗೂ ಬಿದ್ದಿತ್ತು. ನನಗ ಸಿಟ್ಟು ಬಂತು. "ನಾ ಹೊಡೀತೇನಿ, ನೋಡೇ ಬಿಡೂಣು" ಅಂದೆ. ಕಾಕಾ ಮುಂದ ಕುಂತ, ಆಕಿ ಹಿಂದ ಕುಂತ್ಲು.

ಮಗ್ಗ ನಡಸೋ ಕೈ ನಂದು, ದಾಂಡಿ ಜೋರಲೆ ಜಗ್ಗಿದೆ. ಗಾಡಿ ಸರಳ ಹೊಂಟಿತು. ರಬಕವಿ ರೋಡಿಗೆ ಬಂದ್ವಿ. ಮುಂದ ಕಬ್ಬಿನ ಟ್ರ್ಯಾಕ್ಟರ್ ಬಂತು. ನಿಧಾನ ಮಾಡೂಣಂತ ನನ್ನ ಎಡಗಾಲು, ಸೀರಿ ಒಯ್ಯೋ ಟೆಂಪೋ ಹೊಡದ ರೂಢಿ ನೋಡ್ರಿ, ಕ್ಲಚ್ ಹುಡುಕ್ಕೋತ ಹೋತು. ಅಲ್ಲಿ ಕ್ಲಚ್ ಇಲ್ಲ, ಬ್ರೇಕ್ ಐತಿ. ಸಿಕ್ಕಷ್ಟು ಜೋರಲೆ ಒತ್ತಿತು. ಗಾಡಿ ಗಕ್ಕನೆ ನಿಂತಿತು. ಕಾಕಾನ ಟೊಪಗಿ ಹಾರಿ ಮುಂದಿನ ಗಾಜಿಗೆ ಬಡೀತು, ಕಾಕಾ ಎರಡೂ ಕೈ ಮುಂದ ಚಾಚಿ ಬಗ್ಗಿದ. ಹೊಂಟೆ. ಮತ್ತ ಗಕ್ಕ. ಕಾಕಾ ಮತ್ತ ಬಗ್ಗಿದ. ಎಡಗಾಲಿಗೆ ಎಷ್ಟು ಬೈದ್ರೂ ಅದು ಮಾತು ಕೇಳಲಿಲ್ಲ. ಹಿಂದಿನ ಸೀಟಿನಾಗ ನಮ್ಮನಿಯಾಕಿ ಮೊದಲ ಬಾಯಾಗ ಸೆರಗು ಹಿಡದಿದ್ಲು, ಆಮ್ಯಾಲ ಅದನ್ನೂ ಬಿಟ್ಲು.

ರಬಕವಿ ಮುಟ್ಟಿದ ಮ್ಯಾಲ ಕಾಕಾ ಇಳದು ಟೊಪಗಿ ಝಾಡಿಸಿಕೊಂಡ. "ಜನ್ಮ ಎಲ್ಲಾ ಬಸ್ ಹೊಡದೆ" ಅಂದ. "ದಾರ್ಯಾಗ ಒಂದೂ ಗುಡಿ ಇಲ್ಲದ ಇಷ್ಟು ಸಲ ನಮಸ್ಕಾರ ಹಾಕಿದ್ದು ಇದ ಮೊದಲು." ಹೊಳ್ಳಿ ಬರೂವಾಗ ಬಸ್ಸಿಗೆ ಬರ್ತೇನಿ ಅಂತ ಹೋಗೇಬಿಟ್ಟ.

ನಮ್ಮನಿಯಾಕಿ ಮುಂದ ಬಂದು ಕುಂತ್ಲು. "ಎಡಗಾಲಿನ ಚಪ್ಪಲಿ ಬಿಡ್ರಿ. ಊಟಕ್ಕ ಕುಂತಂಗ ಕಾಲು ಮಡಚಿ ತೊಡಿ ಕೆಳಗ ಇಟಗೋರಿ" ಅಂದ್ಲು. ಇಟಗೊಂಡೆ. ಗಾಡಿ ನೀರು ಹರದಂಗ ಹೋತು. ಆಕಿ ಕಿಡಕಿ ಹೊರಗ ನೋಡ್ಕೋತ ಅಂದ್ಲು: "ಎರಡು ಕಾಲು ಇದ್ದಾವ್ರಿಗೆ ಈ ಗಾಡಿ ಭಾಳ ಕಷ್ಟ ನೋಡ್ರಿ."

೪. ಮಿಸ್ತ್ರಿ ಫೋಟೋ

ನನ್ನ ಕೈಯಾಗ ಓಡಿದ ಗಾಡಿ ಮರುದಿನ ಆಕಿ ಕೈಯಾಗ ಮತ್ತ ನಿಂತಿತು. ಜಮಖಂಡಿಯಿಂದ ಗಾಡಿ ರಿಪೇರಿ ಮಿಸ್ತ್ರಿನ್ನ ಕರ್ಸಿದೆ. ಕೆಲಸದಾಗ ಛಲೋ ಮನಷ್ಯಾ, ಮಾತಿನಾಗ ಇನ್ನೂ ಛಲೋ. ಅವ ಬಂದ ಕೂಡ್ಲೆ ಅವ್ವ ಅಡ್ಡ ನಿಂತ್ಲು. "ತಡೀರಿ, ನಿಮ್ಮ ಕೈ ಎಣ್ಣಿ ಆಗ್ಯಾವು" ಅಂದು ದಾಂಡಿಯ ಕೌದಿ ಅಂಗಿ ಬಿಚ್ಚಿ ಎದಿಗೆ ಅವಚಿಕೊಂಡು ಒಳಗ ಹೋದ್ಲು. ಮಿಸ್ತ್ರಿ ಗಾಡಿ ಚಾಲೂ ಮಾಡಿದ. ಮುಂದ ಹೋತು, ಹಿಂದ ಬಂತು. ಕೆರಿ ದಿನ್ನಿ ಏರಿ ಇಳೀತು. "ಏನೂ ಆಗಿಲ್ರಿ" ಅಂದು ಹೋದ. ಅವ್ವ ಅಂಗಿ ಹೊಳ್ಳಿ ತೊಡಿಸಿದ್ಲು. ಮರುದಿನ ಗಾಡಿ ನಿಂತಿತು.

ಮತ್ತ ಕರ್ಸಿದ್ವಿ. ಮತ್ತ ಅದ ಕಥಿ. ಮೂರನೇ ಸರ್ತಿ ಬಂದಾಗ ಮಿಸ್ತ್ರಿ ಕೈ ಒರಿಸಿಕೋತ ನಮ್ಮನಿಯಾಕಿಗೆ ಅಂದ: "ಟೀಚರ್ರ, ನಿಮ್ಮ ಸಾಲ್ಯಾಗ ಸಾಹೇಬ್ರು ಬಂದ್ರ ಹುಡುಗೂರು ಕೈ ಕಟ್ಟಿ ಕುಂದ್ರತಾವಲ್ಲ, ಹಂಗ ಈ ಗಾಡಿ. ನನ್ನ ಕಂಡ್ರ ಅಂಜತೈತಿ. ನಂದೊಂದು ಫೋಟೋ ಕೊಡ್ತೇನಿ, ಮುಂದ ಅಂಟಿಸಿಕೊಂಡು ಹೊಡೀರಿ."

ಎಲ್ಲಾರೂ ನಕ್ವಿ. ಅವ್ವ ನಗಲಿಲ್ಲ. "ನಿಂತದ್ದು ಬ್ಯಾಡ, ಕುಂತ ಫೋಟೋ ಕೊಡು" ಅಂದ್ಲು.

ನಕ್ಕದ್ದು ಅಷ್ಟಕ್ಕ ಮುಗೀತು. ಹೋಗೂವಾಗ ಮಿಸ್ತ್ರಿ ನನ್ನ ಬಾಜೂಕ ಕರದು, "ಹೊರಗ ಏನೂ ಕಾಣವಲ್ದು ಅಂದ್ರ ಒಳಗ ಐತಿ ಅಂತ ಅರ್ಥರಿ. ಗೇರ್‌ಬಾಕ್ಸ್ ಇಳಿಸಿ ಬಿಚ್ಚಬೇಕು. ಇಷ್ಟು ಹಳೇ ಗಾಡಿಗೆ ಸಾಮಾನು ಸಿಗೂದು ಭಾಳ ಕಷ್ಟ" ಅಂದ.

ಅದ ವಾರ ಕಾಲುವಿ ಏರಿನ್ಯಾಗ ಎದುರಿನ ಗಾಡಿಗೆ ದಾರಿ ಬಿಟ್ಟು ಆಕಿ ಹೊಳ್ಳಿ ದಾಂಡಿ ಜಗ್ಗಿದ್ರ ಗಾಡಿ ನಿಂತಲ್ಲೇ ನಿಂತುಬಿಟ್ಟಿತು. ಹಿಂದ ಕಬ್ಬಿನ ಟ್ರ್ಯಾಕ್ಟರು ಒಂದಕ್ಕೊಂದು ಹತ್ತಿ ನಿಂತು ಹಾರ್ನ್ ಹೊಡದ್ವಂತ. ಸುದ್ದಿ ಬೀಳಗಿಗೆ ಹೋತು. ಬೀಳಗ್ಯಾಗ ಆಕಿ ಅಣ್ಣ ಇರ್ತಾನ. ಫೋನ್ ಮಾಡಿ, "ತಂಗಿ, ಜೀವಕ್ಕ ಅಪಾಯ ತಂದ್ಕೋಬ್ಯಾಡ. ಮುಧೋಳದಾಗ ಒಬ್ಬರು ಹಳೇ ಗಾಡಿ ತಗೊಳಾವ್ರು ಅದಾರ, ರವಿವಾರ ಕರಕೊಂಡು ಬರ್ತೇನಿ. ಬ್ಯಾರೆ ಗಾಡಿ ತಗೊಂಡು ಡ್ರೈವರ್ ಇಟ್ರಾತು" ಅಂದ.

"ಡ್ರೈವರ್‌ಗೆ ನಾ ದಿನಾ ಕೇಳಬೇಕಲ್ಲಣ್ಣಾ" ಅಂದ್ಲು ಆಕಿ. ಅವಗ ತಿಳೀಲಿಲ್ಲ. ನನಗ ತಿಳೀತು. ಆದ್ರ ಏರಿನ್ಯಾಗ ನಿಂತ ಗಾಡಿ ನನ್ನ ಕಣ್ಣಾಗೂ ಕುಂತಿತ್ತು. ನಾನೂ "ಮಾರೂಣು" ಅಂದುಬಿಟ್ಟೆ. ಆಕಿ ಎದ್ದು ಒಳಗ ಹೋದ್ಲು.

೫. ಲಿಂಬಿಹಣ್ಣಿನ ಪ್ರತಾಪ

ರವಿವಾರ ಬಂತು. ಆಕಿ ಅಣ್ಣ ಬಂದ, ಮುಧೋಳದಾವ್ರು ಬಂದ್ರು, ಕಾಕಾ ಬಂದ, ಓಣಿ ಬಂತು. ಅವ್ವ ಮುಂಜಾನೆಯಿಂದ ಯಾರ ಜೋಡಿನೂ ಮಾತಾಡಿದ್ದಿಲ್ಲ. ಮಗಳನ್ನ ಗಂಡನ ಮನಿಗೆ ಕಳಸೂವಂಗ ಗಾಡಿ ತೊಳದು, ಕುಂಕಮ ಹಚ್ಚಿ, ಆರತಿ ಎತ್ತಿ, ಮುಂದಿನ ಗಾಲಿಗಳ ಕೆಳಗ ಒಂದೊಂದು ಲಿಂಬಿಹಣ್ಣು ಇಟ್ಲು. ಮುಧೋಳದಾವ್ರು ಗಡಿಯಾರ ನೋಡಾಕತ್ತಿದ್ರು.

ಎಲ್ಲಾ ಮುಗಿದ ಮ್ಯಾಲ ಅವ್ವ ಕತ್ತರಿ ಹಿಡಕೊಂಡು ಗಾಡಿ ಒಳಗ ಬಗ್ಗಿದ್ಲು. "ಇದರಾಗ ನಮ್ಮ ಮನಿಯವರ ಧೋತರ ಐತಿ. ಇದನ್ನ ಪರರ ಕೈಯಾಗ ಕೊಡಂಗಿಲ್ಲ" ಅಂದು, ದಾಂಡಿಯ ಕೌದಿ ಅಂಗಿಯ ಗಂಟು ಬಿದ್ದ ದಾರ ಕತ್ತರಿಸಿ ಬಿಚ್ಚಿಕೊಂಡ್ಲು.

"ಓಣಿ ತಿರವಿನ ಮಟಾ ನಾನ ಹೊಡೀತೇನಿ" ಅಂತ ನಮ್ಮನಿಯಾಕಿ ಕುಂತ್ಲು. ಕಣ್ಣು ಒರಿಸಿಕೊಂಡು, ಯಾವಾಗಿನಂಗ ಮೆಲ್ಲಕ ದಾಂಡಿ ಹಿಂದಕ್ಕ ಜಗ್ಗಿದ್ಲು.

ಟಕ್ ಅಂತು.

ನಾನು ಮಗ್ಗದ ಸಪ್ಪಳದಾಗ ಬೆಳದಾವ. ಯಾವುದು ತನ್ನ ಜಾಗಾದಾಗ ಹೋಗಿ ಕುಂತಿತು, ಯಾವುದು ಕುಂದ್ರಲಿಲ್ಲ, ಕಿವಿಗೆ ಗೊತ್ತಾಗ್ತೈತಿ. ಈ ಟಕ್ ಎಷ್ಟೋ ದಿನದಿಂದ ಕೇಳಿದ್ದಿಲ್ಲ. ಲಿಂಬಿಹಣ್ಣು ಪಚ್ ಪಚ್ ಅಂದ್ವು. ಗಾಡಿ ಹೊಂಟಿತು. ತಿರವಿಗೆ ನಿಂದ್ರಲಿಲ್ಲ. ಕೆರಿ ದಿನ್ನಿ ಏರಿತು, ಇಳೀತು, ಓಣಿ ಸುತ್ತ ಹಾಕಿ ಬಂತು, ಮತ್ತೊಮ್ಮೆ ಹೋತು. ಮನಿ ಮುಂದ ನಿಂದ್ರಿಸಿ ಮತ್ತ ಜಗ್ಗಿದ್ಲು. ಟಕ್. ಮತ್ತ ಜಗ್ಗಿದ್ಲು. ಟಕ್.

ನಾನು ಹೋಗಿ ಕಿಡಕ್ಯಾಗ ಬಗ್ಗಿ ನೋಡಿದೆ. ದಾಂಡಿ ಬುಡದಾಗ ಗೇರಿನ ಅಕ್ಷರ ಚಂದಂಗ ಕಾಣಾಕತ್ತಿದ್ವು. ಇಷ್ಟು ದಿನ ಕೌದಿ ಅಂಗಿಯ ಇಳಿಬಿದ್ದ ಅಂಚು ಅವುನ್ನ ಮುಚ್ಚಿತ್ತು. ವರ್ಷಾ ಒಂದು ಪದರ ಏರಿ ಏರಿ ಅದು ಒರಗೋ ಲೋಡಿನಷ್ಟು ದಪ್ಪ ಆಗಿತ್ತು. ದಾಂಡಿ ಹಿಂದ ಹೋದ್ರ ಬಟ್ಟಿ ನಡುವ ಸಿಕ್ಕು ಪೂರಾ ಹೋಗಾಕ ಬಿಡ್ತಿದ್ದಿಲ್ಲ. ಅದು ಗೇರಿಗೂ ಬೀಳದ, ಹೊರಗೂ ಇರದ ನಟ್ಟ ನಡುವ ನಿಂದರ್ತಿತ್ತು. ನಾ ಜಾಡಿಸಿ ಜಗ್ಗಿದ್ರ ಬಟ್ಟಿ ಸರೀತಿತ್ತು, ಆಕಿ ಮೆತ್ತಗ ಜಗ್ಗಿದ್ರ ಇಲ್ಲ. ಮಿಸ್ತ್ರಿ ಬಂದಾಗೆಲ್ಲಾ ಅವ್ವ ತಾನ ಅದನ್ನ ಬಿಚ್ಚಿಕೊಂಡು ಒಳಗ ಒಯ್ತಿದ್ಲು. ಜಡ್ಡಿನ ಬೇರು ಹಿಡಕೊಂಡ ಹೋಗ್ತಿದ್ಲು ನಮ್ಮವ್ವ!

ಬಾಯಿ ತಗದೆ. ನಮ್ಮನಿಯಾಕಿ ನನ್ನ ಕೈ ಹಿಡದ್ಲು. ಆಕಿಗೂ ತಿಳದಿತ್ತು. ಕಣ್ಣಿಲೆ ಅವ್ವನ ಕಡೆ ತೋರ್ಸಿ, ಬ್ಯಾಡ ಅಂತ ತಲಿ ಅಲ್ಲಾಡ್ಸಿದ್ಲು. ಅವ್ವ ಕೌದಿ ಅಂಗಿ ಎದಿಗೆ ಅವಚಿಕೊಂಡು ಗಳಗಳ ಅಳಾಕತ್ತಿದ್ಲು, ಅಳಕೋತ ನಗಾಕತ್ತಿದ್ಲು. "ನೋಡಿದ್ರೇನು ಲಿಂಬಿಹಣ್ಣಿನ ಪ್ರತಾಪ!" ಅಂತ ಎಲ್ಲಾರಿಗೂ ಹೇಳಾಕತ್ತಿದ್ಲು.

"ಅಣ್ಣಾ, ಗಾಡಿ ಕೊಡಂಗಿಲ್ಲ" ಅಂದ್ಲು ಆಕಿ. ಅಣ್ಣ ಹೂಂ ಅಂದ. ಮುಧೋಳದಾವ್ರು ಗಾಡಿ ಇಲ್ಲದ ಹೋದ್ರು, ಬರಿಗೈಲೆ ಹೋಗಲಿಲ್ಲ. ಅವರ ಟ್ರ್ಯಾಕ್ಟರ್ ಒಂದು ಚಾಲೂ ಆಗವಲ್ದಂತ, ಅವ್ವನ ಕೈಲೆ ಎರಡು ಲಿಂಬಿಹಣ್ಣು ಮಂತ್ರಿಸಿಕೊಂಡು ಹೋದ್ರು. ಅದು ಚಾಲೂನೂ ಆತಂತ. ಅದಕ್ಕ ನಾ ಏನು ಹೇಳ್ಲಿ?

ಅವ್ವ ಅವತ್ತ ಸಂಜೀಕ ಕೌದಿ ಅಂಗಿಗೆ ಹೊಸಾ ದಾರ ಹೊಲದು ದಾಂಡಿಗೆ ಹೊಳ್ಳಿ ತೊಡಿಸಿದ್ಲು. ನಮ್ಮನಿಯಾಕಿ ದಿನಾ ಮುಂಜಾನೆ ಅವ್ವಗ ಕೈ ಮಾಡಿ, ಒಂದು ಕೈಲೆ ಕೌದಿ ಎತ್ತಿ ಹಿಡದು ಗಾಡಿ ಹೊರಡಸ್ತಾಳ. ಓಣಿ ತಿರವಿಗೆ ಹೋಗಿ ನಿಂತು ಅದನ್ನ ಪೂರಾ ಬಿಚ್ಚಿ, ತನ್ನ ಎಡಗಾಲಿನ ಮೊಣಕಾಲ ಮ್ಯಾಲ ಹೊಚ್ಚಿಕೋತಾಳ. ಥಂಡ್ಯಾಗ ಆ ಕಾಲು ಭಾಳ ನೋಯ್ತೈತಿ, ಕೌದಿ ಬೆಚ್ಚಗ ಆಗ್ತೈತಿ. ಸಂಜೀಕ ಬರೂವಾಗ ಅದ ತಿರವಿನ್ಯಾಗ ಹೊಳ್ಳಿ ತೊಡಸ್ತಾಳ. ಓಣಿಗೆ ಪೂರಾ ಗೊತ್ತೈತಿ. ಹೊಟ್ಯಾಗ ಒಂದು ಮಾತೂ ನಿಲ್ಲದ ನಮ್ಮ ಕಾಕಾ ಸುದ್ದಾ ಅವ್ವಗ ಇನ್ನೂ ಹೇಳಿಲ್ಲ.

ಮೊನ್ನೆ ಅವ್ವ ಸೊಸೀನ್ನ ಕೇಳಿದ್ಲು: "ಖರೆ ಹೇಳವಾ, ಆ ಕೌದಿ ಉಪಯೋಗ ಆಗಾಕತ್ತೈತೇನು?"

"ಭಾಳ ಆಗತೈತ್ರಿ ಅತ್ತಿ. ಅದರಿಂದ ನನಗ ಎಷ್ಟು ಆರಾಮ ಆಗೈತಿ ಅಂದ್ರ ಹೇಳಾಕ ಆಗಂಗಿಲ್ಲ" ಅಂದ್ಲು ಆಕಿ. ಮಾತು ಖರೇನ ಇತ್ತು. ಅವ್ವನ ಮುಖ ಹಿಗ್ಗಿತು.

ಮರುದಿನ ಮುಂಜಾನೆ ನಾನು ಹೊರಗ ಬಂದ್ರ ಗಾಡಿ ಬಾಗಲಾ ತಗದಿತ್ತು. ಅವ್ವ ಸ್ಟೇರಿಂಗ್ ಕೆಳಗ ತಲಿ ಹಾಕಿ, ಗೇಣು ಹಾಕಿ ಏನೋ ಅಳತಿ ತಗೊಳಾಕತ್ತಿದ್ಲು. "ಯವ್ವಾ, ಏನು ಮಾಡಾಕತ್ತಿ?" ಅಂದೆ.

"ಸುಮ್ನಿರ್ಲೇ ತಮ್ಮಾ, ಅಳತಿ ತಪ್ಪತೈತಿ" ಅಂದ್ಲು. "ಕೈಗೆ ಇಷ್ಟು ಆರಾಮ ಆಗೈತಿ ಅಂದ್ರ, ನನ್ನ ಸೊಸಿ ಕಾಲಿಗೂ ಆಗ್ಲಿ. ಬ್ರೇಕಿಗೊಂದು ಹೊಲೀತೇನಿ."